ಮಾಂಸ ನೀರು ಬಿಡುತ್ತಿದೆ

ತಾರೀಖು ಮೂರು, ಮಧ್ಯಾಹ್ನ

ಮೊಂಡಿಗೆ,

ಈ ಕಾಗದ ಬರೆಯುವ ಕರ್ಮ ನನಗೆ ಯಾಕೆ ಬಂತು ಅನ್ನುವುದನ್ನು ಮೊದಲು ಓದಿಕೋ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಸೌಟು ಹಿಡಿದು ಹಿಡಿದು ಗಂಟು ಬಿದ್ದ ಕೈಗೆ ಪೆನ್ನು ಕೊಟ್ಟರೆ ಅದು ಜಾರಿ ಎಲ್ಲಿಗೋ ಓಡುತ್ತದೆ. ಇಷ್ಟು ಬರೆಯುವುದರೊಳಗೆ ಒಂದು ಬುಟ್ಟಿ ಈರುಳ್ಳಿ ಹೆಚ್ಚಿ ಮುಗಿಸಿರುತ್ತಿದ್ದೆ. ನೀನು ಫೋನ್ ನಂಬರ್ ಬದಲಾಯಿಸಿ ಕೂತಿದ್ದೀಯ. ಗುಂಡಿ, ದಾರದ ಅಂಗಡಿ ಇಟ್ಟಿರುವ ನಿನ್ನ ಗೆಳತಿಯನ್ನು ಹೋಗಿ ಕೇಳಿದರೆ, "ನಂಬರ್ ಕೊಡಲ್ಲ ಅಂತ ಅವಳಿಗೆ ಆಣೆ ಮಾಡಿದ್ದೀನಮ್ಮ" ಅಂದಳು. ನಾನು ಅಲ್ಲೇ ಅವಳ ಸ್ಟೂಲಿನ ಮೇಲೆ ಕೂತೆ. ಗಿರಾಕಿಗಳು ಬಂದರು, ಏಳಲಿಲ್ಲ. ಕೊನೆಗೆ ಅವಳಿಗೇ ಸಾಕಾಗಿ, "ವಿಳಾಸ ಕೊಡಲ್ಲ ಅಂತ ಏನೂ ಆಣೆ ಮಾಡಿಲ್ಲ, ತಗೊಂಡು ಏಳಿ" ಅಂತ ನಿನ್ನ ಹೊಲಿಗೆ ಕಾರ್ಖಾನೆಯ ವಿಳಾಸ ಚೀಟಿಯಲ್ಲಿ ಗೀಚಿ ಕೊಟ್ಟಳು. ಅವಳನ್ನು ಬೈಯಬೇಡ. ಬೈಯುವುದಿದ್ದರೆ ನನ್ನನ್ನು ಬೈ, ನನಗೆ ಅಭ್ಯಾಸ ಇದೆ.

ಹರಿದು ಹಾಕುವ ಮೊದಲು ಕೇಳು. ನಾನು ನಿನ್ನನ್ನು ವಾಪಸ್ಸು ಕರೆಯುತ್ತಿಲ್ಲ. ನನಗೆ ಬೇಕಾಗಿರುವುದು ಒಂದು ಅಡುಗೆ ಮಾತ್ರ. ದನದ ಮಾಂಸ, ತರಕಾರಿ ಹಾಕಿ ಬಾಣಲೆಯಲ್ಲಿ ಸುಯ್ಯನೆ ಹುರಿಯುತ್ತಿದ್ದೆಯಲ್ಲ, ಅದು. ಹೇಗೆ ಮಾಡುತ್ತಿದ್ದೆ ಅಂತ ಬರೆದು ಕಳಿಸು. ಅಷ್ಟೇ.

ಯಾಕೆ ಅಂದರೆ, ನಿನ್ನ ಗಂಡನಿಗೆ ನಾಲಿಗೆಯಲ್ಲಿ ಹುಣ್ಣು. ಬರೀ ಬಾಯಿ ಹುಣ್ಣಲ್ಲ, ಆ ಇನ್ನೊಂದು. ಹೆಸರು ಬರೆಯಲು ನನಗೆ ಕೈ ಬರುವುದಿಲ್ಲ. ಹದಿನೆಂಟನೇ ತಾರೀಖು ನಾಲಿಗೆ ತೆಗೆಯುತ್ತಾರೆ. ತುದಿಯಲ್ಲ, ಅಂಚಲ್ಲ, ಬುಡದಿಂದ. ಎಷ್ಟು ಉಳಿಸುತ್ತೀರಿ ಅಂತ ನಾನು ಕೇಳಿದೆ. ಡಾಕ್ಟರಮ್ಮ ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು, ತೆಗೆಯುವುದು ಮಾಡಿದಳು. ಗಿರಣಿ ಕ್ಯಾಂಟೀನಿನಲ್ಲಿ ಅನ್ನ ಮುಗಿದಾಗ ಸಾಲಿನ ಕೊನೆಯವನ ಮುಂದೆ ನಾನೂ ಹೀಗೇ ಸೌಟು ತಿರುಗಿಸುತ್ತಿದ್ದೆ. ಅರ್ಥವಾಯಿತು. ಆಮೇಲೆ ಊಟ ಹೊಟ್ಟೆಗೆ ಚುಚ್ಚಿದ ಕೊಳವೆಯಲ್ಲಿ. ಮಾತು ಇಲ್ಲ. ಅದೂ ಜೀವ ಉಳಿದರೆ.

ತರಕಾರಿ ಮಂಡಿಯಲ್ಲಿ ಹರಾಜು ಕೂಗುವವನಿಗೆ ನಾಲಿಗೆ ಹೋದರೆ ಏನು ಉಳಿಯಿತು ಹೇಳು. ಮಂಡಿಯಲ್ಲಿ ಅವನನ್ನು ಕಹಳೆ ಅಂತ ಕರೆಯುತ್ತಿದ್ದರು. ಗೇಟಿನ ಹೊರಗೆ ನಿಂತ ಲಾರಿ ಡ್ರೈವರಿಗೂ ಟೊಮೆಟೊ ದರ ಕೇಳಿಸುತ್ತಿತ್ತು. ಈಗ "ಅತ್ತೆ, ನೀರು" ಅನ್ನುವುದು ನನಗೆ ಪಕ್ಕದಲ್ಲಿ ಕೂತರೂ ಕೇಳಿಸುವುದಿಲ್ಲ. ಅವನ ಜಾಗದಲ್ಲಿ ಈಗ ಬೇರೆ ಯಾರೋ ಮೈಕು ಹಿಡಿದುಕೊಂಡು ಕೂಗುತ್ತಾನಂತೆ. "ಮೈಕು ಬೇಕಂತೆ ಅವನಿಗೆ, ಮೈಕು" ಅಂತ ಇವನು ಒಂದು ದಿನ ಇಡೀ ನಕ್ಕ. ನಕ್ಕರೆ ರಕ್ತ ಬರುತ್ತದೆ. ಆದರೂ ನಕ್ಕ.

ಹೌದು, ನಾನಿನ್ನೂ ಇಲ್ಲೇ ಇದ್ದೇನೆ. ಮಗಳು ಎದ್ದು ಹೋದ ಮನೆಯಲ್ಲಿ ಅತ್ತೆ ಕೂತು ಅಳಿಯನ ಅಂಗಿ ಒಗೆಯುತ್ತಾಳೆ ಅಂತ ಮೆಟ್ಟಿಲ ಮೇಲೆ ಹೆಂಗಸರು ಕಿಸಿಕಿಸಿ ನಗುತ್ತಾರೆ. ನಗಲಿ. ನಿನ್ನ ಹಾಸ್ಟೆಲಿನಲ್ಲಿ ಒಂದು ಮಂಚ, ಇಲ್ಲಿ ನನಗೊಂದು ಕೋಣೆ. ಇವನು ಹೋಗು ಅನ್ನಲಿಲ್ಲ, ನಾನು ಹೋಗಲಿಲ್ಲ. ಅದರಲ್ಲಿ ಕಥೆ ಹುಡುಕಬೇಡ.

ಆಸ್ಪತ್ರೆಯಿಂದ ಬಂದ ದಿನ ಚಪ್ಪಲಿ ಬಿಡುತ್ತಾ ಕೇಳಿದ, "ಅತ್ತೆ, ಅವತ್ತಿನದು ಒಂದು ಸಲ ಮಾಡ್ತೀರಾ?" ಯಾವತ್ತಿನದು ಅಂದೆ. "ಅವತ್ತಿನದೇ. ನಾನು ತಿನ್ನದೇ ಇದ್ದದ್ದು" ಅಂದ.

ಯಾವ ದಿನ ಅಂತ ನಿನಗೆ ಹೇಳಬೇಕಾಗಿಲ್ಲ. ಮಂಡಿಯ ಆಲೂಗಡ್ಡೆ ದಲ್ಲಾಳಿ, ತಕ್ಕಡಿಯವನು, ಇನ್ನಿಬ್ಬರು ಊಟಕ್ಕೆ ಬಂದಿದ್ದರು. ನೀನು ಹೊಗೆಯಾಡುವ ಬಾಣಲೆಯನ್ನು ಹಾಗೇ ಎತ್ತಿಕೊಂಡು ಬಂದೆ. ಬಾಣಲೆ ನೋಡಿ ಅವರು ಹೋ ಅಂದರು. ಹೋ ಅಂದದ್ದೇ ತಡ, ಇವನಿಗೆ ಹುರುಪು ಬಂತು. ಕುರ್ಚಿಯ ಮೇಲೆ ನಿಂತ. "ಕೈ ರುಚಿ ಒಂದನೇ ದರ್ಜೆ! ಮೊಂಡು ಸ್ವಲ್ಪ ಜಾಸ್ತಿ! ಮಕ್ಕಳಾಗಿಲ್ಲ, ಅದಕ್ಕೇ ದರ ಇಳಿಸಿದ್ದೀನಿ! ಯಾರ್ ಕೂಗ್ತೀರಿ? ಒಂದು ಸಲ! ಎರಡು ಸಲ!" ಅಂತ ನಿನ್ನನ್ನು ಹರಾಜಿಗೆ ಇಟ್ಟ. ತಮಾಷೆಯಂತೆ. ದಿನವಿಡೀ ಎಲೆಕೋಸು ಕೂಗುವವನಿಗೆ ಎದುರು ಬಂದದ್ದೆಲ್ಲ ಎಲೆಕೋಸೇ. ನೀನು ಬಾಣಲೆಯನ್ನು ಬರೀ ಮೇಜಿನ ಮೇಲೆ ಕುಕ್ಕಿ ಹೊರಟು ಹೋದೆ. ಒಳ್ಳೆಯದೇ ಮಾಡಿದೆ. ಅವತ್ತೂ ಅಂದೆ, ಈಗಲೂ ಅನ್ನುತ್ತೇನೆ.

ಆದರೆ ನೀನು ಹೋದ ಮೇಲಿನದು ನಿನಗೆ ಗೊತ್ತಿಲ್ಲ. ಅವನು ಕುರ್ಚಿಯ ಮೇಲೆ ಹಾಗೇ ನಿಂತಿದ್ದ, ಕೈ ಮೇಲೆತ್ತಿಕೊಂಡು. ಮೂರನೇ ಸಲ ಬಾಯಲ್ಲೇ ಉಳಿಯಿತು. ದಲ್ಲಾಳಿ ಟೋಪಿ ಹಾಕಿಕೊಂಡ. ತಕ್ಕಡಿಯವನು, "ಇಳಿಯೋ, ಇಳಿಯೋ ಮಾರಾಯ" ಅಂತ ಅಂಗಿ ಹಿಡಿದು ಎಳೆದ. ಎಲ್ಲ ಹೋದರು. ಇವನು ಬಾಣಲೆಯ ಮುಂದೆ ಕೂತ. ಮಾಂಸ ತಣ್ಣಗಾಗಿ ಎಣ್ಣೆ ಬಿಳಿಯಾಗುವವರೆಗೂ ಕೂತ. ಮುಟ್ಟಲಿಲ್ಲ. ಬೆಳಿಗ್ಗೆ ನಾನೇ ಕೆರೆದು ಬಕೆಟ್ಟಿಗೆ ಹಾಕಿದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದನ್ನು ಕಣ್ಣಾರೆ ಕಂಡೆ. ಮೇಜಿನ ಮೇಲೆ ಬಾಣಲೆಯ ತಳ ಸುಟ್ಟ ದುಂಡು ಗುರುತು ಹಾಗೇ ಇದೆ. ಬಟ್ಟೆ ಹಾಸಲು ಹೋದರೆ ಎಳೆದು ಬಿಸಾಡುತ್ತಾನೆ. ತಟ್ಟೆಯನ್ನು ಆ ಗುರುತಿನ ಮೇಲೇ ಇಟ್ಟುಕೊಂಡು ಉಣ್ಣುತ್ತಾನೆ.

ಈಗ ನನ್ನ ಗೋಳು. ಮೂವತ್ತು ವರ್ಷ ಗಿರಣಿ ಕ್ಯಾಂಟೀನಿನಲ್ಲಿ ಬೇಯಿಸಿದೆ. ಇನ್ನೂರು ಜನಕ್ಕೆ ಬೇಯಿಸು ಅಂದರೆ ಕಣ್ಣು ಮುಚ್ಚಿ ಬೇಯಿಸುತ್ತೇನೆ. ಒಬ್ಬನಿಗೆ ಬೇಯಿಸು ಅಂದರೆ ಕೈ ಕಟ್ಟಿದ ಹಾಗೆ ಆಗುತ್ತದೆ. ಮೊದಲ ಸಲ ಎಲ್ಲ ಒಟ್ಟಿಗೆ ಸುರಿದೆ. ಮಾಂಸ, ಕ್ಯಾರೆಟ್, ದಪ್ಪ ಮೆಣಸಿನಕಾಯಿ, ಈರುಳ್ಳಿ. ದೊಡ್ಡ ಹಂಡೆಯ ಅಭ್ಯಾಸ, ಉರಿ ಸಣ್ಣಗೆ, ಮುಚ್ಚಳ ಮೇಲೆ. ತೆಗೆದು ನೋಡಿದರೆ ಮಾಂಸ ನೀರು ಬಿಟ್ಟು ಅದರಲ್ಲೇ ಮುಳುಗಿ ಕೂತಿದೆ, ನೆಲ ಒರೆಸಿದ ಬಟ್ಟೆಯ ಬಣ್ಣ. ಅವನು ಒಂದು ತುಂಡು ಬಾಯಿಗಿಟ್ಟ. "ಚೆನ್ನಾಗಿದೆ ಅತ್ತೆ. ಅವತ್ತಿನದಲ್ಲ" ಅಂದ.

ಕಟುಕನ ಅಂಗಡಿಗೆ ಹೋಗಿ ಜಗಳ ತೆಗೆದೆ, ನಿನ್ನ ಮಾಂಸವೇ ಸರಿ ಇಲ್ಲ ಅಂತ. ಅವನು ಚೂರಿ ಮಸೆಯುವುದು ನಿಲ್ಲಿಸಿ, "ಅಜ್ಜಿ, ದನ ಏನೂ ತಪ್ಪು ಮಾಡಿಲ್ಲ, ನೀವು ಹೇಗೆ ಕೊಯ್ದಿರಿ ಹೇಳಿ" ಅಂದ. ನಾರು ಯಾವ ಕಡೆ ಹೋಗುತ್ತದೋ ಅದಕ್ಕೆ ಅಡ್ಡ ಕೊಯ್ಯಬೇಕಂತೆ. ಕೊಯ್ಯುವ ಮೊದಲು ಸ್ವಲ್ಪ ಹೊತ್ತು ಐಸಿನಲ್ಲಿಟ್ಟು ಗಟ್ಟಿ ಮಾಡಿಕೊಂಡರೆ ಕಾಗದದ ಹಾಗೆ ಬರುತ್ತದಂತೆ. ನಾನು ಜನ್ಮವಿಡೀ ಮುಷ್ಟಿ ಗಾತ್ರದ ತುಂಡು ಹಾಕಿದವಳು. ಕಾಗದದ ಹಾಗೆ ಕೊಯ್ಯಲು ಹೋಗಿ ಹೆಬ್ಬೆರಳು ಕೊಯ್ದುಕೊಂಡೆ. ಎರಡನೇ ಸಲ ಉರಿ ಜೋರು ಮಾಡಿದೆ. ಬೆಳ್ಳುಳ್ಳಿ ಕಪ್ಪಾಯಿತು, ಅಡುಗೆಮನೆ ತುಂಬ ಹೊಗೆ, ಪಕ್ಕದ ಮನೆಯವಳು ಬಾಗಿಲು ಬಡಿದಳು, "ಏನ್ ಸುಡ್ತಿದ್ದೀರಿ?" ಅಂತ. ನನ್ನ ಹಣೆಬರಹ ಸುಡ್ತಿದ್ದೀನಿ, ಬೇಕಾ ಒಂದು ತಟ್ಟೆ ಅಂದೆ. ಆಮೇಲೆ ಎಷ್ಟು ಸಲ ಮಾಡಿದೆನೋ ಲೆಕ್ಕ ಇಟ್ಟಿಲ್ಲ. ಪ್ರತಿ ಸಲ ಅವನದು ಅದೇ ಮಾತು. ಚೆನ್ನಾಗಿದೆ, ಅವತ್ತಿನದಲ್ಲ. ನಿನ್ನೆ ನನಗೆ ತಡೆಯಲಿಲ್ಲ. ತಿನ್ನದೇ ಇದ್ದದ್ದರ ರುಚಿ ನಿನಗೆ ಹೇಗೆ ಗೊತ್ತು ಅಂತ ಕಿರುಚಿದೆ. ಅವನು ಚಮಚ ಕೆಳಗಿಟ್ಟು, "ವಾಸನೆ ಗೊತ್ತು" ಅಂದ.

ಹಾಗಾಗಿ ಕೇಳುತ್ತೇನೆ, ಸರಿಯಾಗಿ ಬರೆ. ಮಾಂಸವನ್ನು ಯಾತರಲ್ಲಿ ನೆನೆಸುತ್ತಿದ್ದೆ? ಆ ಕಪ್ಪು ಸೋಯಾ ಸಾಸ್ ಮೊದಲೇ ಹಾಕುತ್ತಿದ್ದೆಯಾ, ಕೊನೆಗಾ? ಮಾಂಸ ಹುರಿದು ತಟ್ಟೆಗೆ ತೆಗೆದಿಟ್ಟು, ತರಕಾರಿ ಆದ ಮೇಲೆ ಮತ್ತೆ ಹಾಕುತ್ತಿದ್ದೆಯಾ? ನೀನು ಹಾಗೆ ಮಾಡಿದ್ದನ್ನು ಎಲ್ಲೋ ನೋಡಿದ ನೆನಪು, ಆದರೆ ಆಗ ನಾನು ಗಮನ ಕೊಡಲಿಲ್ಲ, ಇವಳಿಗೆ ಪಾತ್ರೆ ಜಾಸ್ತಿ ಮಾಡುವ ಚಟ ಅಂದುಕೊಂಡೆ. ಸಕ್ಕರೆ ಹಾಕುತ್ತಿದ್ದೆಯಾ? ಶುಂಠಿ ಜಜ್ಜುತ್ತಿದ್ದೆಯಾ, ಎಳೆ ಎಳೆ ಕೊಯ್ಯುತ್ತಿದ್ದೆಯಾ? ಬಾಣಲೆ ಹೊಗೆಯಾಡುವವರೆಗೂ ಕಾಯುತ್ತಿದ್ದೆಯಲ್ಲ, ಕೈಗೆ ಹೆದರಿಕೆ ಆಗುತ್ತಿರಲಿಲ್ಲವಾ? ಎಲ್ಲ ಬರೆ. "ಸ್ವಲ್ಪ" ಅಂತ ಬರೆಯಬೇಡ. ನನಗೆ ಸ್ವಲ್ಪ ಅಂದರೆ ಒಂದು ಬಕೆಟ್ಟು.

ಇನ್ನೇನೂ ಸುದ್ದಿ ಇಲ್ಲ. ನಲ್ಲಿ ಸೋರುತ್ತದೆ. ನಿನ್ನ ಕಿಟಕಿಯ ಗಿಡ ಒಣಗಿತು, ನನಗೆ ನೆನಪೇ ಆಗಲಿಲ್ಲ. ಇವನು ಬೆಳಿಗ್ಗೆ ಬೆಳಿಗ್ಗೆ ಬಚ್ಚಲ ಬಾಗಿಲು ಹಾಕಿಕೊಂಡು ನಲ್ಲಿ ಜೋರು ಬಿಟ್ಟು ಏನೋ ಹೇಳಿಕೊಳ್ಳುತ್ತಾನೆ, ಒಂದೇ ಮಾತು, ಮತ್ತೆ ಮತ್ತೆ. ಏನು ಅಂತ ನನಗೆ ಕೇಳಿಸುವುದಿಲ್ಲ. ನೀರು ದಂಡ.

ಇದನ್ನು ಬರೆಯುತ್ತಿರುವುದು ಅವನಿಗೆ ಗೊತ್ತಿಲ್ಲ. ಗೊತ್ತಾದರೆ ಬರೆಯಲು ಬಿಡುತ್ತಿರಲಿಲ್ಲ. "ಅವಳಿಗೆ ಹೇಳಬೇಡಿ ಅತ್ತೆ, ಕರುಣೆಗೆ ಬಂದ ಹಾಗಾಗುತ್ತೆ" ಅಂದಿದ್ದಾನೆ. ನಾನು ಹೇಳುವುದಿಲ್ಲ ಅಂದೆ. ಬರೆಯುವುದಿಲ್ಲ ಅಂತ ಅನ್ನಲಿಲ್ಲ. ಗುಂಡಿ ಅಂಗಡಿಯವಳಿಂದ ಕಲಿತೆ.

ಸರಿಯಾಗಿ ಉಣ್ಣು. ಕಾರ್ಖಾನೆಯಲ್ಲಿ ಕಣ್ಣು ಕೆಡಿಸಿಕೊಳ್ಳಬೇಡ.

ನಿನ್ನನ್ನು ಹೆತ್ತವಳು

ಮರೆತಿದ್ದು: ಕಾಗದ ಮಡಚಿ ಅಂಟು ಹಚ್ಚುವುದರಲ್ಲಿದ್ದೆ. ಅಂಟು ಹುಡುಕುವಾಗ ಒಗೆಯಲು ತೆಗೆದಿಟ್ಟ ಅವನ ಅಂಗಿ ಕೈಗೆ ಸಿಕ್ಕಿತು. ಜೇಬಿನಲ್ಲಿ ಕರವಸ್ತ್ರ, ಒದ್ದೆ. ಬಿಚ್ಚಿದರೆ ನಿನ್ನೆ ನಾನು ಹುರಿದ ಮಾಂಸ. ಒಂದೂ ತುಂಡು ಜಗಿದಿಲ್ಲ. ಸುಮ್ಮನೆ ಬಾಯಲ್ಲಿಟ್ಟು, ನಾನು ಒಲೆಯ ಕಡೆ ತಿರುಗಿದಾಗ ತೆಗೆದಿದ್ದಾನೆ. ಕೊಳೆ ಬುಟ್ಟಿಯಲ್ಲಿ ಇನ್ನೂ ಎರಡು ಕರವಸ್ತ್ರ ಇದ್ದವು, ಅವೂ ಹಾಗೇ. ಅವನಿಗೆ ನುಂಗಲು ಆಗುವುದಿಲ್ಲ. ಯಾವಾಗಿನಿಂದ ಆಗುವುದಿಲ್ಲವೋ ಗೊತ್ತಿಲ್ಲ. ನಾನು ಇಷ್ಟು ದಿನ ಒಲೆಯ ಮುಂದೆ ನಿಂತು ಯಾರಿಗೆ ಬೇಯಿಸಿದೆ?

ಅದಕ್ಕೇ ಅಡುಗೆಯದನ್ನು ಬರೆಯುವುದು ಬೇಡ. ಸೋಯಾ ಸಾಸ್ ಮೊದಲು ಹಾಕಿದರೂ ಅಷ್ಟೇ, ಕೊನೆಗೆ ಹಾಕಿದರೂ ಅಷ್ಟೇ.

ಬಚ್ಚಲಲ್ಲಿ ಅವನು ಹೇಳಿಕೊಳ್ಳುವುದು ನನಗೆ ಕೇಳಿಸುವುದಿಲ್ಲ ಅಂತ ಮೇಲೆ ಬರೆದದ್ದು ಸುಳ್ಳು. ಬಾಗಿಲಿಗೆ ಕಿವಿ ಕೊಟ್ಟು ಕೇಳಿದ್ದೇನೆ. ನಿನ್ನ ಹೆಸರು ಹಿಡಿದು "ತಪ್ಪಾಯ್ತು" ಅನ್ನುತ್ತಾನೆ. ನಾಲಿಗೆ ತಿರುಗದೆ ಮಾತು ಅರ್ಧಕ್ಕೆ ಒಡೆಯುತ್ತದೆ. ಉಗುಳಿ, ಬಾಯಿ ತೊಳೆದು, ಮತ್ತೆ ಮೊದಲಿನಿಂದ ಶುರು ಮಾಡುತ್ತಾನೆ. ಒಂದು ಸಲವೂ ಪೂರ್ತಿ ಸರಿಯಾಗಿ ಬಂದಿಲ್ಲ. ದಿನದಿಂದ ದಿನಕ್ಕೆ ಕೆಡುತ್ತಿದೆ.

ನೀನು ಕ್ಷಮಿಸು ಅಂತ ನಾನು ಹೇಳುತ್ತಿಲ್ಲ. ಬಂದು ಬಾಗಿಲಲ್ಲಿ ನಿಂತು, ಅವನು ಹೇಳುವುದನ್ನು ಕೇಳಿ, ಬೈದು ಹೋಗು ಬೇಕಾದರೆ. ಕೂರಬೇಡ, ನೀರೂ ಕುಡಿಯಬೇಡ. ಹದಿನೆಂಟಾದ ಮೇಲೆ ಬಂದರೆ ಕೇಳಿಸಿಕೊಳ್ಳಲು ಏನೂ ಇರುವುದಿಲ್ಲ. ಬರುತ್ತೀಯೋ ಇಲ್ಲವೋ, ಒಂದೇ ಮಾತು ಬರೆ. ಇಲ್ಲ ಅನ್ನುವುದಿದ್ದರೆ ಇಲ್ಲ ಅಂತಲೇ ಬರೆ, ನಾನು ಬಚ್ಚಲ ಬಾಗಿಲು ತಟ್ಟಿ ನಲ್ಲಿ ನಿಲ್ಲಿಸು ಅಂತ ಅವನಿಗೆ ಹೇಳಬೇಕು. ಹದಿನಾಲ್ಕನೇ ತಾರೀಖಿನೊಳಗೆ ನನಗೆ ಉತ್ತರ ಬೇಕು.