ಮೂರು ಡಬ್ಬಿ ಪಿನ್ನು

ಜೂನ್ ೧೮, ಮಂಗಳವಾರ

ಇವತ್ತೂ ಸಹಿ ಆಗಲಿಲ್ಲ. ಸಂಜೆ ಕಾಲೇಜಿನ ಎಂ.ಎ. ಅರ್ಜಿಗೆ ಕೆಲಸದ ಕಡೆಯವರ ಒಪ್ಪಿಗೆ ಬೇಕು, ನಾಳೆಯೇ ಕೊನೆಯ ದಿನ. ಅರ್ಜಿಯನ್ನು ಫೈಲಿನಲ್ಲಿಟ್ಟುಕೊಂಡು ಮೂರು ಸಲ ಮ್ಯಾನೇಜರ್ ಕೋಣೆಗೆ ಹೋದೆ. ಅವರು ತಲೆ ಎತ್ತಿ “ಏನಮ್ಮಾ?” ಅಂದ ಕೂಡಲೇ ನನ್ನ ಬಾಯಿ ತಾನಾಗಿ “ಸ್ಟೇಪ್ಲರ್ ಪಿನ್ ಬೇಕಿತ್ತು ಸರ್” ಅಂದುಬಿಡುತ್ತಿತ್ತು. ಮೂರನೇ ಸಲ ಡಬ್ಬಿ ಕೊಡುತ್ತಾ, “ಕೌಂಟರಲ್ಲಿ ಕೂತ್ಕೊಂಡು ಪಿನ್ ತಿಂತೀಯೇನಮ್ಮಾ?” ಎಂದರು.

ಕಣ್ಣಿನ ಆಸ್ಪತ್ರೆಯ ಕೌಂಟರಿನಲ್ಲಿ ದಿನಕ್ಕೆ ನೂರು ಜನರನ್ನು “ಏನು ತೊಂದರೆ?” ಎಂದು ಕೇಳುವವಳು ನಾನು. ನನ್ನದನ್ನು ಹೇಳಲು ಬರುವುದಿಲ್ಲ.

ಅಕ್ಕನಿಗೆ ಹೇಳಿದೆ. ಬಿದ್ದು ಬಿದ್ದು ನಕ್ಕಳು. ಆಮೇಲೆ, “ಬೇಡ ಅಂತಾರೆ ಅಂತ ಭಯಾನಾ, ಹೂಂ ಅಂದ್ಬಿಡ್ತಾರೆ ಅಂತ ಭಯಾನಾ?” ಎಂದು ಕೇಳಿದಳು. ಎದ್ದು ಬಂದೆ.

ಪದವಿ ಮುಗಿದು ಐದು ವರ್ಷ. ಅವರು ಹೂಂ ಅಂದರೆ, ಈ ಕೆಲಸವೊಂದು ಇಲ್ಲದಿದ್ದರೆ ಓದುತ್ತಿದ್ದೆ ಎಂದು ಇಷ್ಟು ದಿನ ಹೇಳಿಕೊಂಡು ಬಂದದ್ದು ಇನ್ನು ನಡೆಯುವುದಿಲ್ಲ.

ನಾಚಿಕೆಯಿಂದ ಚೀಲಕ್ಕೆ ತುರುಕಿದ ಮೂರು ಡಬ್ಬಿಗಳೂ ನನ್ನ ಜೊತೆ ಮನೆಗೆ ಬಂದಿವೆ. ಬೆಳಿಗ್ಗೆ ಮೊದಲು ಅವನ್ನು ಅವರ ಮೇಜಿನ ಮೇಲಿಡಬೇಕು. “ಯಾಕಮ್ಮಾ ವಾಪಸ್ಸು?” ಎಂದು ಕೇಳಿಯೇ ಕೇಳುತ್ತಾರೆ.

ಆಗ ಪಿನ್ ಕೇಳುವಂತಿಲ್ಲ.