ಕೊಬ್ಬಿನ ಬುರುಜಿನ ಬೀಗದ ಕೈ

ಲಿಂಡನ್‌ಬಾಕ್, ಟ್ರಾನ್ಸಿಲ್ವೇನಿಯಾ
೧೨ ಅಕ್ಟೋಬರ್ ೨೦೦೮

ಪ್ರೀತಿಯ ಹರ್ಮಿನೆ,

ಈಸ್ಟರ್ ಹಬ್ಬಕ್ಕೆ ನೀನು ಬರೆದ ಕಾಗದಕ್ಕೆ ಈಗ ಉತ್ತರಿಸುತ್ತಿದ್ದೇನೆ. ಬೈಯುವುದಾದರೆ ಈಗಲೇ ಬೈದುಬಿಡು. ಜರ್ಮನಿಯ ಚಳಿಗೆ ನಿನ್ನ ಮಂಡಿನೋವು ಹೇಗಿದೆ? ನನ್ನ ಮಂಡಿ ಬುರುಜಿನ ಮೆಟ್ಟಿಲು ಹತ್ತಿ ಇಳಿದು ಇನ್ನೂ ಗಟ್ಟಿಯಾಗಿದೆ. ಜರ್ಮನ್ ಮಾತಾಡುವ ನಮ್ಮವರೆಲ್ಲ ನಿನ್ನ ಹಾಗೆ ಜರ್ಮನಿಗೆ ಹೋದ ಮೇಲೆ ಊರಲ್ಲಿ ಉಳಿದವರು ಒಂಬತ್ತೇ ಮಂದಿ. ಕೋಟೆ-ಚರ್ಚಿನ ಬೀಗದ ಕೈ ಈಗ ನನ್ನ ಸೊಂಟದಲ್ಲಿದೆ. ಎಂಟುನೂರು ವರ್ಷದ ಚರಿತ್ರೆಯನ್ನು ಪ್ರವಾಸಿಗರಿಗೆ ಕಾಲು ಗಂಟೆಯಲ್ಲಿ ಹೇಳಿ ಮುಗಿಸುತ್ತೇನೆ. ತುರ್ಕರ ದಾಳಿ ಅಂದರೆ ಅವರ ಕಿವಿ ನೆಟ್ಟಗಾಗುತ್ತದೆ. ಗೋಡೆ ಕಟ್ಟಿದವರ ಹೆಸರು ಹೇಳಿದರೆ ಆಕಳಿಸುತ್ತಾರೆ.

ಎಲ್ಲಕ್ಕಿಂತ ಅವರಿಗೆ ಇಷ್ಟ ಕೊಬ್ಬಿನ ಬುರುಜು. ಮುತ್ತಿಗೆಯ ಕಾಲಕ್ಕೆಂದು ಪ್ರತಿ ಮನೆಯೂ ಉಪ್ಪು ಹಾಕಿದ ಹಂದಿಕೊಬ್ಬನ್ನು ಅಲ್ಲಿ ತೂಗುಹಾಕುತ್ತಿದ್ದದ್ದು, ಮುತ್ತಿಗೆ ಹೋದರೂ ಪದ್ಧತಿ ಹೋಗದೆ ನಾವೂ ಭಾನುವಾರ ಗಂಟೆ ಬಾರಿಸಿದ ಮೇಲೆ ವಾರಕ್ಕಾಗುವಷ್ಟು ಕೊಯ್ದು, ಕೊಯ್ದ ಕಡೆ ಕಾವಲುಗಾರನಿಂದ ಮನೆಯ ಮುದ್ರೆ ಒತ್ತಿಸಿ ಬರುತ್ತಿದ್ದದ್ದು, ಎಲ್ಲ ಹೇಳುತ್ತೇನೆ.

ಆಗಸ್ಟಿನಲ್ಲಿ ಹಾಲೆಂಡಿನ ದಂಪತಿ ಬಂದಿದ್ದರು. ಗಂಡನ ಕೈಯಲ್ಲಿ ನಮ್ಮ ಕೋಟೆ-ಚರ್ಚುಗಳ ಚರಿತ್ರೆಯ ದಪ್ಪ ಪುಸ್ತಕ.

"ಏನಮ್ಮ, ಊರಿನವರ ಕೊಬ್ಬು ಕದ್ದ ಕಾವಲುಗಾರ ಮಾರ್ಟಿನ್ ಶೂಸ್ಟರ್ ಇದೇ ಬುರುಜಿನವನಾ?" ಎಂದ.

"ಬೆಕ್ಕನ್ನ ಬೆಣ್ಣೆ ಕಾಯೋಕೆ ಬಿಟ್ಟ ಹಾಗಾಯ್ತು ಬಿಡಿ" ಎಂದು ಹೆಂಡತಿ ನಕ್ಕಳು.

ನಾನೂ ನಕ್ಕೆ, ಹರ್ಮಿನೆ. ನಿನ್ನ ಅಪ್ಪನ ಹೆಸರು ಕೇಳಿ ನಕ್ಕೆ. ಪುಸ್ತಕ ಬರೆದಾಕೆಗೆ ಆ ಕಥೆ ಹೇಳಿದವಳೂ ನಾನೇ.

ಕದ್ದವಳೂ ನಾನೇ. ಐವತ್ತೆಂಟರ ವಸಂತದಲ್ಲಿ ನಮಗೆ ಹನ್ನೆರಡು ವರ್ಷ. ಶನಿವಾರ ಬುರುಜು ಗುಡಿಸುವ ಕೆಲಸ ನಿನ್ನದು. ಒಂದು ಶನಿವಾರ ನಿನಗೆ ಜ್ವರ ಬಂದಿತ್ತು. ನಾನು ಗುಡಿಸುತ್ತೇನೆ ಎಂದು ಮಾರ್ಟಿನ್ ಮಾಮನ ಹತ್ತಿರ ಬೀಗದ ಕೈ ಕೇಳಿದೆ. "ಯಾರಿಗೂ ಕೊಡಬಾರ್ದು ಕಣಮ್ಮ ಇದನ್ನ. ನೀನು ಮನೆಯವಳೇ ಅಲ್ವಾ, ಬೇಗ ಬಾ" ಎಂದರು. ನಿಮ್ಮ ಎದುರುಮನೆ ಅಜ್ಜಿಯ ಕೊಬ್ಬಿನಿಂದ ಅಂಗೈಯಗಲ ಕೊಯ್ದು ಅಲ್ಲೇ ನಿಂತು ತಿಂದೆ. ಹಸಿವಿಗಲ್ಲ, ಬಾಯಿಚಪಲಕ್ಕೆ.

ಮರುದಿನ ಅಜ್ಜಿ ನೋಡಿದರೆ ಕೊಯ್ದ ಕಡೆ ಮುದ್ರೆಯಿಲ್ಲ. ಮದುವೆಗೂ ಮಣ್ಣಿಗೂ ಒಬ್ಬರಿಗೊಬ್ಬರು ಆಗುವ ನಮ್ಮ ಬೀದಿಯ ನೆರೆಕೂಟದ ಹಿರಿಯರು ಎಲ್ಲರೆದುರು ಕೇಳಿದರು. "ಬೀಗದ ಕೈ ನಂದು, ಹೊಣೇನೂ ನಂದೇ" ಎಂದರು ನಿನ್ನ ಅಪ್ಪ. ಒಮ್ಮೆ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ. ಕೂಟದಿಂದ ಅವರನ್ನು ಹೊರಗಿಟ್ಟರು, ಚರ್ಚಿನಲ್ಲಿ ಕಟ್ಟಕಡೆಯ ಬೆಂಚಿಗೆ ಕಳಿಸಿದರು. ಆರು ವರ್ಷದ ಮೇಲೆ ಅವರು ತೀರಿಕೊಂಡಾಗ ಗುಂಡಿ ತೋಡಲು ನೆರೆಯವರು ಒಬ್ಬರೂ ಬರಲಿಲ್ಲ. ಸಲಿಕೆ ಹಿಡಿದವರು ನೀನು ಮತ್ತು ನಿನ್ನ ಅಮ್ಮ. ನಾನು ಕಿಟಕಿಯಿಂದ ನೋಡುತ್ತಿದ್ದೆ.

ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ನಾನು ಮಾಡಿದ್ದನ್ನು ನಿನ್ನ ಅಪ್ಪ ಉಂಡರು. 'ಅಪ್ಪ ಹಾಗೆ ಮಾಡಬಾರದಿತ್ತು' ಎಂದು ನೀನೂ ಒಮ್ಮೆ ಬರೆದಿದ್ದೆ. ಆ ಸಾಲನ್ನು ಓದಿ ಕಾಗದ ಮಡಚಿಟ್ಟೆ. ಕ್ಷಮಿಸು ಎನ್ನಲು ನನಗೆ ಮುಖವಿಲ್ಲ. ನನ್ನ ಬಾಯಿಂದ ಹಾರೈಕೆ ಬೇಡವೆನಿಸಿದರೂ ಹೇಳುತ್ತೇನೆ, ನೀನೂ ನಿನ್ನ ಮೊಮ್ಮಕ್ಕಳೂ ತಣ್ಣಗಿರಿ.

ನಿನ್ನ
ರೋಸಿನಾ

ತಾ. ಕ.: ಮೇಲಿನದನ್ನು ಬರೆದು ಎರಡು ದಿನವಾಯಿತು. ಇವತ್ತು ಬೆಳಿಗ್ಗೆ ಪುಸ್ತಕ ಬರೆದಾಕೆ ಫೋನ್ ಮಾಡಿದಳು. "ಪುಸ್ತಕ ಮತ್ತೆ ಅಚ್ಚಿಗೆ ಹೋಗ್ತಾ ಇದೆ ರೋಸಿನಮ್ಮ. ನಿಮ್ಮೂರಿನ ಪುಟದಲ್ಲಿ ತಿದ್ದೋದು ಏನಾದ್ರೂ ಇದ್ಯಾ?" ಎಂದು ಕೇಳಿದಳು. ಈ ಕಾಗದ ನನ್ನ ಮುಂದೆಯೇ ಇತ್ತು. "ಏನಿಲ್ಲ ಕಣಮ್ಮ, ಎಲ್ಲ ಸರಿಯಾಗೇ ಇದೆ" ಎಂದೆ. ತಿಂಗಳ ಕೊನೆಯವರೆಗೆ ಸಮಯವಿದೆಯಂತೆ. ಅವಳ ವಿಳಾಸವನ್ನು ಲಕೋಟೆಯ ಹಿಂದೆ ಬರೆದಿದ್ದೇನೆ. ಈ ಕಾಗದವನ್ನು ನೀನೇ ಅವಳಿಗೆ ಕಳಿಸಿಬಿಡು. ನನ್ನ ಕೈಲಿ ಆಗುವುದಿಲ್ಲ.