ಬಾಲದ ಮೇಲಿನ ದಾರ

ಬಂಡೆಪ್ಪಾ,

ಇವತ್ತು ಬೆಳಿಗ್ಗೆ ಮೈಂದರ್ಗಿ ರಸ್ತೆಯಲ್ಲಿ ನಾನು ಗಾಳಿಯನ್ನು ಕಣ್ಣಾರೆ ಕಂಡೆ.

ಮದರಾಸಿನ ರೇಸಿಗೆ ಇನ್ನೊಂದೇ ತಿಂಗಳಿದೆ. ನವಿ ಪೇಠದ ಅಂಗಡಿಯಿಂದ ಒಂದು ಉಂಡೆ ಬಿಳಿ ದಾರ ತಂದು, ಗೇಣುದ್ದ ಕತ್ತರಿಸಿ, ನಮ್ಮ ಕಾರಿನ ಮೈತುಂಬ ಅಂಟಿಸಿದ್ದೆ. ಈಗ ನಿನ್ನ ಜಾಗದಲ್ಲಿ ಕೂರುವ ಶ್ರೀನಿವಾಸ ಓಡಿಸಿದ. ನಾನು ಪಕ್ಕದಲ್ಲೇ ಜೀಪಿನಿಂದ ನೋಡುತ್ತಿದ್ದೆ. ವೇಗ ಏರಿದಂತೆ ಮೂತಿಯ ಮೇಲಿನ ದಾರಗಳೆಲ್ಲ ಬಾಚಿದ ಕೂದಲಿನಂತೆ ಹಿಂದಕ್ಕೆ ಮಲಗಿದವು. ಬಾಲದ ಮೇಲಿನವು ಮಾತ್ರ ಎದ್ದು, ಮುಂದಕ್ಕೆ ತಿರುಗಿ, ನಡುಗುತ್ತಿದ್ದವು. ಕಾಣದ್ದೊಂದು ಅಲ್ಲಿ ಕೂತು ಉಸಿರಾಡುತ್ತಿದ್ದಂತಿತ್ತು.

ನಾಗಣಸೂರಿನ ನಿಮ್ಮ ಕಣದಲ್ಲಿ ಜೋಳ ತೂರುವಾಗ ನೀನು ತೋರಿಸಿದ್ದೂ ಇದನ್ನೇ. ಬಂಡಿಯ ಮರೆಯಲ್ಲಿ ಹೊಟ್ಟು ಸುಳಿ ತಿರುಗಿ ವಾಪಸು ಬರುತ್ತಿತ್ತು. "ನಾಗೇಶ, ಗಾಳಿ ಮುಂದಿಂದ ಬರೇ ದಬ್ಬೂದಿಲ್ಲೋ, ಹಿಂದಿಂದ ಎಳೀತದ" ಅಂದಿದ್ದೆ ನೀನು. ಇಂಜಿನಿಯರಿಂಗ್ ಓದಿದವನು ನಾನು. ನಕ್ಕುಬಿಟ್ಟಿದ್ದೆ.

ಶ್ರೀನಿವಾಸ ಇಳಿದು, "ಹಿಂದ ಹಗುರ ಆಗ್ತದರಿ, ನೆಲಾ ಬಿಡತದ" ಅಂದ. ಹೋದ ವರ್ಷ ರೇಸಿನ ಹಿಂದಿನ ದಿನ ನೀನು ಆಡಿದ್ದೂ ಇದೇ ಮಾತು. "ಅಂಜಿಕಿ ಬಂತೇನು?" ಎಂದು ನಾನು ಕೇಳಿದ್ದೆ. ಮರುದಿನ ರೇಸಿನಲ್ಲಿ ಕಾರಿನ ಹಿಂಭಾಗ ನೆಲ ಬಿಟ್ಟು ಮಗುಚಿತು. ನಾಲ್ಕನೇ ದಿನ ಆ ಕಣದ ಪಕ್ಕದ ಹೊಲದಲ್ಲೇ ನಿನ್ನನ್ನು ಮಣ್ಣು ಮಾಡಿದೆವು.

ಈ ಸಲ ನಾನು ಜೀಪಿನಿಂದ ಸುತ್ತಿಗೆ ಇಳಿಸಿದೆ. ಬಾಲದ ಇಳಿಜಾರನ್ನು ತಗಡು ಕೂಡಿಸಿ ಎತ್ತರಿಸಿ, ತುದಿಯನ್ನು ಮೇಲಕ್ಕೆ ಬಾಗಿಸಿದೆ. ಅವನು ಮತ್ತೆ ಓಡಿಸಿದಾಗ ದಾರಗಳು ಒಂದೊಂದಾಗಿ ಮಲಗಿದವು, ತೊಟ್ಟಿಲಿನ ಕೂಸಿನಂತೆ.

"ಈಗ ನೆಲಾ ಹಿಡದದರಿ" ಅಂದ.

ಬಂಡೆಪ್ಪಾ, ನಿನ್ನ ಮಾತು ಪರೀಕ್ಷಿಸಲು ಅರ್ಧ ಉಂಡೆ ದಾರವೂ ಖರ್ಚಾಗಲಿಲ್ಲ.